‘ಬ್ಲಾಕ್ ಮಾಡವ್ಳೆ ಅಂದ್ರೆ ಏನೋ ಐತೆ’: ಸಿನಿಮಾ ಕಲಿಸಿದ ಲೆಕ್ಕ

ಬೆಳಿಗ್ಗೆ ಮಂಡ್ಯದಿಂದ ಮೈಸೂರಿಗೆ ಹೋಗುವ ರೈಲಿನಲ್ಲಿ ಸೀಟು ಸಿಕ್ಕರೆ ಅದೃಷ್ಟ. ಅವತ್ತು ನನಗೆ ಸಿಗಲಿಲ್ಲ. ಬ್ಯಾಗನ್ನು ಎದೆಗೆ ಅವುಚಿಕೊಂಡು ಬಾಗಿಲ ಹತ್ತಿರ ನಿಂತಿದ್ದೆ. ಪಕ್ಕದಲ್ಲಿ ನಾಲ್ಕು ಜನ ಕಾಲೇಜು ಹುಡುಗರು. ಒಬ್ಬನ ಮೊಬೈಲಿನಲ್ಲಿ ಇಯರ್‌ಫೋನ್ ಇಲ್ಲದೆ ಹಾಡು ಓಡುತ್ತಿತ್ತು. ಹೀರೋಯಿನ್ ಬಸ್ಸಿನಲ್ಲಿ, ಹೀರೋ ಬೈಕಿನಲ್ಲಿ. ಅವಳ ಕಿಟಕಿಯ ಪಕ್ಕಕ್ಕೇ ಗಾಡಿ ತಂದು ಹಾಡುತ್ತಿದ್ದ. ಯಲಿಯೂರು ದಾಟಿದ ಮೇಲೆ ಹಾಡು ನಿಂತಿತು, ಮಾತು ಶುರುವಾಯಿತು.

“ಆರ್ ತಿಂಗ್ಳಿಂದ ಹಿಂದೆ ಬಿದ್ದವ್ನೆ ಕಣ್ಲಾ. ಅವ್ಳು ಪಾಂಡವಪುರದಲ್ಲಿ ಹತ್ತುತಾಳೆ, ಇವ್ನು ಅದೇ ಬೋಗಿ ಹುಡುಕ್ಕೊಂಡ್ ಹೋಯ್ತನೆ.”

“ಏನಂದ್ಲಂತೆ?”

“ಏನೂ ಅಂದಿಲ್ಲ. ನಂಬರ್ ಬ್ಲಾಕ್ ಮಾಡವ್ಳೆ.”

“ಬ್ಲಾಕ್ ಮಾಡವ್ಳೆ ಅಂದ್ರೆ ಏನೋ ಐತೆ ಬುಡು. ಏನೂ ಇಲ್ದಿದ್ರೆ ಬ್ಲಾಕ್ ಯಾಕ್ ಮಾಡ್ತಿದ್ಲು?”

ನಾಲ್ವರೂ ನಕ್ಕರು. ಎದುರಿಗೆ ಪೇಪರ್ ಓದುತ್ತಿದ್ದ ಹಿರಿಯರೊಬ್ಬರು ಕನ್ನಡಕದ ಮೇಲಿಂದ ನೋಡಿ ಅವರೂ ನಕ್ಕರು. ನಿಜ ಹೇಳಬೇಕೆಂದರೆ ನಾನೂ ನಕ್ಕೆ. ಮಾತು ಹಾಗಿತ್ತು.

ಶ್ರೀರಂಗಪಟ್ಟಣದ ಹತ್ತಿರ ರೈಲು ಕಾವೇರಿ ಸೇತುವೆ ಮೇಲೆ ಹೋಗುವಾಗ ಆ ಲೆಕ್ಕ ತಲೆಯಲ್ಲಿ ಕೊರೆಯತೊಡಗಿತು. ಹುಡುಗಿ ಮಾತಾಡಿಸಿದರೆ ಇಷ್ಟ ಇದೆ. ಮಾತಾಡಿಸದಿದ್ದರೆ ನಾಚಿಕೆ. ಬೈದರೆ ಬಿಗುಮಾನ. ಬ್ಲಾಕ್ ಮಾಡಿದರೆ ‘ಏನೋ ಐತೆ’. ಹಾಗಾದರೆ ಆ ಹುಡುಗಿ ಏನು ಮಾಡಿದರೆ ‘ಇಲ್ಲ’ ಅಂತ ಆಗುತ್ತದೆ? ಈ ಲೆಕ್ಕದಲ್ಲಿ ‘ಇಲ್ಲ’ ಅನ್ನುವುದಕ್ಕೆ ಜಾಗವೇ ಇಲ್ಲ. ಆ ಹುಡುಗರು ಇದನ್ನು ತಾವೇ ಕೂತು ಕಂಡುಹಿಡಿದಿದ್ದಲ್ಲ. ಎಲ್ಲೋ ಕಲಿತಿದ್ದಾರೆ. ಎಲ್ಲಿ ಅಂತ ಊಹಿಸೋದು ಕಷ್ಟ ಅಲ್ಲ, ಹತ್ತು ನಿಮಿಷದ ಹಿಂದೆ ಮೊಬೈಲಿನಲ್ಲಿ ಅದೇ ಪಾಠ ಓಡುತ್ತಿತ್ತು.

ಇದಕ್ಕೆ ಕಾನೂನಿನಲ್ಲಿ ಹೆಸರಿದೆ. ಹೆಣ್ಣು ಬೇಡ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಹಿಂಬಾಲಿಸುವುದು, ಸಂಪರ್ಕಿಸಲು ನೋಡುವುದು, ಅವಳು ಇಂಟರ್‌ನೆಟ್‌ನಲ್ಲಿ ಏನು ಮಾಡುತ್ತಾಳೆ ಅಂತ ಕಣ್ಣಿಡುವುದು, ಇವೆಲ್ಲ 2013ರಿಂದ ಅಪರಾಧ. ದೆಹಲಿಯ ಬಸ್ಸಿನ ಅತ್ಯಾಚಾರದ ನಂತರ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ವರದಿ ಕೊಟ್ಟ ಮೇಲೆ ಐಪಿಸಿಗೆ 354ಡಿ ಕಲಮು ಸೇರಿತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು. ಮೊದಲ ಸಲಕ್ಕೆ 3 ವರ್ಷದವರೆಗೆ ಜೈಲು, ಮತ್ತೆ ಮಾಡಿದರೆ 5 ವರ್ಷದವರೆಗೆ. ಆದರೆ ನಮ್ಮ ಬಾಯಲ್ಲಿ ಅದಕ್ಕೆ ಇರುವ ಹೆಸರು ಬೇರೆ: ಹಿಂದೆ ಬೀಳೋದು, ಲೈನ್ ಹೊಡೆಯೋದು, ಕಾಳು ಹಾಕೋದು. ಕಾಳು ಹಾಕೋದು ಅಂದರೆ ಕೋಳಿಗೆ. ಕೋಳಿಯನ್ನು ಯಾರು ಒಪ್ಪಿಗೆ ಕೇಳುತ್ತಾರೆ?

“ಸಿನಿಮಾ ನೋಡಿ ಯಾರಾದ್ರೂ ಅತ್ಯಾಚಾರ ಮಾಡ್ತಾರಾ?” ಒಂದು ದೊಡ್ಡ ಪ್ರಕರಣ ಆದಾಗೆಲ್ಲ ಟಿವಿಯಲ್ಲಿ ಈ ಪ್ರಶ್ನೆ ಏಳುತ್ತದೆ. ಒಬ್ಬರು ಎಲ್ಲಾ ಕೆಟ್ಟಿದ್ದೇ ಸಿನಿಮಾದಿಂದ ಅನ್ನುತ್ತಾರೆ. ಸಿನಿಮಾದವರು ನಾವು ಬರೀ ಸಮಾಜದ ಕನ್ನಡಿ ಅನ್ನುತ್ತಾರೆ. (ಕನ್ನಡಿ ಕೂಡ ಎಡಗೈಯನ್ನು ಬಲಗೈ ಮಾಡಿ ತೋರಿಸುತ್ತದೆ, ಇರಲಿ.) ಪ್ರಶ್ನೆಯೇ ಸರಿ ಇಲ್ಲ ಅನ್ನುವುದು ನನ್ನ ಅನಿಸಿಕೆ. ಮೊದಲ ಕನ್ನಡ ಟಾಕಿ ಬಂದಿದ್ದು 1934ರಲ್ಲಿ. ಅದಕ್ಕೂ ಮುಂಚೆ ಹೆಂಗಸರು ನೆಮ್ಮದಿಯಾಗಿದ್ದರು ಅಂತ ಯಾವ ಅಜ್ಜಿಯೂ ಹೇಳಲ್ಲ. ಇನ್ನೊಂದು ಕಡೆ, ಅದೇ ಸಿನಿಮಾ ನೋಡಿದ ಲಕ್ಷಾಂತರ ಜನ ಸುಮ್ನೆ ಮನೆಗೆ ಹೋಗಿ ಮುದ್ದೆ ಉಂಡು ಮಲಗುತ್ತಾರೆ. ಸಿನಿಮಾ ಇಂಜೆಕ್ಷನ್ ಅಲ್ಲ, ಚುಚ್ಚಿದ ಕೂಡಲೇ ಏರುವುದಕ್ಕೆ. ಅದು ಪಾಠ ಹೇಳುವುದು ತಪ್ಪು ಮಾಡುವವನಿಗಿಂತ ಜಾಸ್ತಿ, ಪಕ್ಕದಲ್ಲಿ ನಿಂತು ನೋಡುವವರಿಗೆ. ಯಾವುದನ್ನು ನೋಡಿ ನಗಬೇಕು, ಯಾವುದಕ್ಕೆ ಸಿಟ್ಟಾಗಬೇಕು, ಯಾರನ್ನು ಮೊದಲು ಅನುಮಾನಿಸಬೇಕು ಅಂತ. ಅವತ್ತು ರೈಲಿನಲ್ಲಿ ನಕ್ಕ ನನಗೂ, ಪೇಪರ್ ಓದುತ್ತಿದ್ದ ಆ ಹಿರಿಯರಿಗೂ.

ಈ ಬಗ್ಗೆ ಅಧ್ಯಯನಗಳಿವೆ. ಅವು ಒಂದೇ ಕಡೆ ಬೊಟ್ಟು ಮಾಡುವುದಿಲ್ಲ, ಅದೇ ಅವುಗಳ ಸ್ವಾರಸ್ಯ. ಗಾರ್ಡನ್ ಡಾಲ್ ಮತ್ತು ಸ್ಟೆಫಾನೊ ಡೆಲ್ಲಾವಿನ್ಯಾ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದಲ್ಲಿ ಹೊಡೆದಾಟದ ಸಿನಿಮಾಗಳು ತುಂಬಿ ಓಡುವ ದಿನಗಳ ಅಪರಾಧದ ಲೆಕ್ಕ ತೆಗೆದು 2009ರಲ್ಲಿ ಪ್ರಕಟಿಸಿದರು. ಆ ಸಂಜೆಗಳಲ್ಲಿ ಹಲ್ಲೆ ಜಾಸ್ತಿ ಆಗಿರಲಿಲ್ಲ, ಕಮ್ಮಿ ಆಗಿತ್ತು! ಕಾರಣ ಸರಳ. ಬಡಿದಾಡುವ ವಯಸ್ಸಿನ ಹುಡುಗರು ಆ ಹೊತ್ತು ಥಿಯೇಟರಿನ ಒಳಗೆ ಕೂತಿದ್ದರು. ಬಾರಿನಲ್ಲಿ ಇರಲಿಲ್ಲ. ಸಿನಿಮಾ ನೋಡಿ ಹೊರಗೆ ಬಂದವನು ನೇರ ಹೋಗಿ ತಪ್ಪು ಮಾಡುತ್ತಾನೆ ಅನ್ನುವ ವಾದಕ್ಕೆ ಇದು ಒಳ್ಳೆಯ ಉತ್ತರ.

ಆದರೆ ಅವರು ಅಳೆದಿದ್ದು ಆ ಸಂಜೆಯನ್ನು. ಮನಸ್ಸಿನ ಒಳಗೆ ಏನು ಉಳಿಯಿತು ಅನ್ನುವುದನ್ನಲ್ಲ. ಅದನ್ನು ನೋಡಲು ಹೋದವರು ನೀಲ್ ಮಲಮತ್ ಮತ್ತು ಜೇಮ್ಸ್ ಚೆಕ್ ಅನ್ನುವ ಮನಃಶಾಸ್ತ್ರಜ್ಞರು. 1981ರಲ್ಲಿ ಪ್ರಕಟವಾದ ಅವರ ಪ್ರಯೋಗ ನಡೆದದ್ದು ಕೆನಡಾದ ಒಂದು ವಿಶ್ವವಿದ್ಯಾಲಯದಲ್ಲಿ. ಕೆಲವು ವಿದ್ಯಾರ್ಥಿಗಳಿಗೆ ಹೆಣ್ಣಿನ ಮೇಲಿನ ಬಲವಂತ ಕೊನೆಗೆ ‘ಒಳ್ಳೆಯದೇ’ ಆಗುವಂಥ ಸಿನಿಮಾ ತೋರಿಸಿದರು, ಅಂದರೆ ಅವಳಿಗೂ ಅದು ಇಷ್ಟವಾಗುತ್ತದೆ ಅನ್ನುವ ಥರದ್ದು. ಉಳಿದವರಿಗೆ ಬೇರೆ ಸಿನಿಮಾ. ಕೆಲವು ದಿನ ಬಿಟ್ಟು, ಸಿನಿಮಾದ ಮಾತೇ ಎತ್ತದೆ, ತರಗತಿಯಲ್ಲಿ ಒಂದು ಪ್ರಶ್ನಾವಳಿ ಕೊಟ್ಟರು. ಮೊದಲ ಗುಂಪಿನ ಹುಡುಗರಲ್ಲಿ ‘ಹೆಣ್ಣಿನ ಮೇಲೆ ಸ್ವಲ್ಪ ಬಲವಂತ ಮಾಡಿದರೆ ತಪ್ಪಿಲ್ಲ’ ಅನ್ನುವ ಕಡೆಗೆ ವಾಲಿದವರು ಜಾಸ್ತಿ ಇದ್ದರು. ಅದೇ ಸಿನಿಮಾ ನೋಡಿದ ಹುಡುಗಿಯರ ಮನಸ್ಸು ಕೊಂಚ ವಾಲಿದ್ದು ಅದಕ್ಕೆ ಉಲ್ಟಾ, ಆದರೆ ಆ ವ್ಯತ್ಯಾಸ ಖಚಿತವಾಗಿ ಹೇಳುವಷ್ಟು ದೊಡ್ಡದಿರಲಿಲ್ಲ. ಗಮನಿಸಿ, ಅವು ನೀಲಿಚಿತ್ರಗಳಲ್ಲ. ಎಲ್ಲರೂ ಹೋಗಿ ನೋಡುವ ಮಾಮೂಲಿ ಸಿನಿಮಾಗಳು.

ಹುಡುಗಿಯರು ಇದರಿಂದ ಪಾರು ಅಂತ ಅಂದುಕೊಳ್ಳಬೇಡಿ. ಮಿಶಿಗನ್ ವಿಶ್ವವಿದ್ಯಾಲಯದ ಜೂಲಿಯಾ ಲಿಪ್‌ಮನ್ ಬರೀ ಹೆಂಗಸರ ಮೇಲೆ ಒಂದು ಅಧ್ಯಯನ ಮಾಡಿದರು. ಬಿಡದೆ ಹಿಂದೆ ಬೀಳುವ ಗಂಡಸನ್ನು ಕೆಲವರಿಗೆ ಹಾಸ್ಯ-ಪ್ರೇಮದ ಸಿನಿಮಾದಲ್ಲಿ ತೋರಿಸಿದರು, ಕೆಲವರಿಗೆ ಭಯ ಹುಟ್ಟಿಸುವ ಸಿನಿಮಾದಲ್ಲಿ. ಭಯದ್ದು ನೋಡಿದವರು ‘ಹಿಂದೆ ಬೀಳೋದೆಲ್ಲ ನಿಜವಾದ ಪ್ರೀತಿ’ ಅನ್ನುವಂಥ ಮಾತುಗಳನ್ನು ಒಪ್ಪುವುದು ಕಮ್ಮಿ ಆಯಿತು. ಪ್ರೇಮದ್ದು ನೋಡಿ, ‘ಹೌದು, ಬದುಕು ಹೀಗೇ ಇರುತ್ತೆ’ ಅಂದುಕೊಂಡವರು ಅಂಥ ಮಾತುಗಳನ್ನು ಒಪ್ಪಿದ್ದು ಜಾಸ್ತಿ. ಅಂದರೆ ಹಿಂಬಾಲಿಸುವವನ ಬಗ್ಗೆ ಹುಡುಗಿಗೇ ‘ಪಾಪ, ಎಷ್ಟು ಪ್ರೀತಿಸ್ತಾನೆ’ ಅನ್ನಿಸಬಹುದು. ಅವಳ ಗೆಳತಿಗೂ ಅನ್ನಿಸಬಹುದು. ಮನೆಯಲ್ಲಿ ಹೇಳುವುದು ಆರು ತಿಂಗಳು ತಡವಾಗುತ್ತದೆ.

ಒಂದು ಸಿನಿಮಾದಿಂದ ಇಷ್ಟಾದರೆ ಸಾವಿರ ಸಿನಿಮಾದಿಂದ? ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಿಶ್ವೇಶ್ವರಯ್ಯ ನಾಲೆ ಪಕ್ಕದ ಎಷ್ಟೋ ಗದ್ದೆಗಳು ಜೌಗಾಗಿವೆ. ಯಾರೂ ಕೊಡ ಹಿಡಿದು ನೀರು ಸುರಿದಿಲ್ಲ. ವರ್ಷಗಟ್ಟಲೆ ಬಸಿದು ಬಸಿದು ನೆಲದ ಗುಣವೇ ಬದಲಾಗಿದೆ. ಯಾವ ದಿನ ಜೌಗಾಯಿತು ಅಂತ ಕೇಳಿದರೆ ರೈತ ಏನು ಹೇಳಬೇಕು? ಅಮೆರಿಕದ ಮಾಧ್ಯಮ ಸಂಶೋಧಕ ಜಾರ್ಜ್ ಗರ್ಬ್ನರ್ ಟಿವಿ ಬಗ್ಗೆ ಹೇಳಿದ್ದೂ ಇದೇ ಥರದ ಮಾತು. ಒಂದು ಕಾರ್ಯಕ್ರಮ ಯಾರನ್ನೂ ಬದಲಾಯಿಸಲ್ಲ, ದಿನಾ ನೋಡುತ್ತಾ ಹೋದರೆ ಲೋಕ ಹೀಗೇ ಇದೆ ಅನ್ನುವ ನಂಬಿಕೆ ಬೆಳೆಯುತ್ತದೆ ಅಂತ. ತಮಾಷೆ ಅಂದರೆ ಅವರು ತಮ್ಮ ಸಿದ್ಧಾಂತಕ್ಕೆ ಇಟ್ಟ ಹೆಸರೂ ಬೇಸಾಯದ್ದೇ: ಕಲ್ಟಿವೇಶನ್.

ಈ ಬಸಿಯುವಿಕೆ ಕಣ್ಣಿಗೆ ಕಾಣದ ಹಾಗೆ ಹೇಗೆ ನಡೆಯುತ್ತದೆ ಅಂತ ನನಗೆ ತೋರಿಸಿಕೊಟ್ಟಿದ್ದು ನಮ್ಮ ಅಜ್ಜಿ. ಅಜ್ಜಿಗೆ ಎರಡೂ ಕಿವಿ ಮಂದ. ಟಿವಿ ಮುಂದೆ ಕೂರುತ್ತಾರೆ, ಆದರೆ ನೋಡುವುದಷ್ಟೇ. ಒಂದು ಭಾನುವಾರ ಮಧ್ಯಾಹ್ನ ನಾವೆಲ್ಲ ಒಂದು ಹಳೇ ಹಿಟ್ ಸಿನಿಮಾ ನೋಡುತ್ತಿದ್ದೆವು. ಹಾಡಿನ ದೃಶ್ಯ. ಹುಡುಗಿ ಕಾಲೇಜಿಗೆ ಹೊರಟಿದ್ದಾಳೆ. ಹೀರೋ ಮತ್ತು ಏಳೆಂಟು ಗೆಳೆಯರು ಅವಳ ದಾರಿಗೆ ಅಡ್ಡ ನಿಲ್ಲುತ್ತಾರೆ. ಅವಳು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಪುಸ್ತಕ ಕಿತ್ತುಕೊಳ್ಳುತ್ತಾರೆ. ಒಬ್ಬ ದುಪಟ್ಟಾದ ತುದಿ ಹಿಡಿಯುತ್ತಾನೆ. ನಮ್ಮ ಮಕ್ಕಳು ಹಾಡಿಗೆ ತಾಳ ಹಾಕುತ್ತಿದ್ದರು. ಅಜ್ಜಿ ಇದ್ದಕ್ಕಿದ್ದಂತೆ ಎದ್ದು ಕೂತು, “ಅಯ್ಯೋ ಯಾರವ್ವಾ ಅವ್ರು, ಆ ಮಗೀನ ಯಾಕಂಗೆ ಅಡ್ಡ ಹಾಕವ್ರೆ? ಯಾರೂ ಇಲ್ವಾ ಕೇಳೋರು?” ಅಂದರು.

ಎಲ್ಲರೂ ನಕ್ಕೆವು. ಅಜ್ಜಿಗೆ ಹಾಡು ಕೇಳಿಸಿರಲಿಲ್ಲ ನೋಡಿ. ಕೊಳಲಿಲ್ಲ, ತಬಲಾ ಇಲ್ಲ, ಕೋರಸ್ ಇಲ್ಲ. ಅವರಿಗೆ ಕಂಡಿದ್ದು ಒಬ್ಬ ಹುಡುಗಿ, ಎಂಟು ಜನ ಗಂಡಸರು, ತಪ್ಪಿಸಿಕೊಳ್ಳಲು ಆಗದ ರಸ್ತೆ. ನಮಗೆ ಕಂಡಿದ್ದು ಪ್ರೇಮಗೀತೆ. ಬೇಕಾದರೆ ನೀವೂ ಮಾಡಿ ನೋಡಿ. ಇಂಥ ಯಾವುದಾದರೂ ಹಾಡು ಹಾಕಿ ಸೌಂಡ್ ಪೂರ್ತಿ ತೆಗೆಯಿರಿ. ಮೂರು ನಿಮಿಷ ಸುಮ್ನೆ ನೋಡಿ. ಇದೇ ದೃಶ್ಯಕ್ಕೆ ವಿಲನ್ ಬಂದಾಗ ಹಾಕುವ ಡ್ರಮ್ಮು ಹಾಕಿದ್ದರೆ? ನಟ ಬದಲಾಗಬೇಕಿಲ್ಲ, ರಸ್ತೆ ಬದಲಾಗಬೇಕಿಲ್ಲ, ಮ್ಯೂಸಿಕ್ ಒಂದು ಬದಲಾದರೆ ಸಾಕು, ಅವನು ಸೀದಾ ಜೈಲಿಗೆ ಹೋಗಬೇಕಾದವನು.

ಕಿವಿಯ ಕೆಲಸ ಇದಾದರೆ ಕ್ಯಾಮೆರಾದ ಕೆಲಸ ಇನ್ನೊಂದು. 1975ರಲ್ಲಿ ಬ್ರಿಟನ್ನಿನ ಸಿನಿಮಾ ಚಿಂತಕಿ ಲಾರಾ ಮಲ್ವಿ ಒಂದು ಲೇಖನ ಬರೆದು ‘ಗಂಡು ನೋಟ’ ಅನ್ನುವ ಮಾತನ್ನು ಸಿನಿಮಾ ಚರ್ಚೆಗೆ ತಂದರು. ಸಾರಾಂಶ ಇಷ್ಟು. ಸಿನಿಮಾದಲ್ಲಿ ಮೂರು ಕಣ್ಣು ಕೆಲಸ ಮಾಡುತ್ತವೆ: ಕ್ಯಾಮೆರಾದ್ದು, ಕಥೆಯೊಳಗಿನ ಹೀರೋನದ್ದು, ಸೀಟಿನಲ್ಲಿ ಕೂತ ನಮ್ಮದು. ಮೂರೂ ಒಂದೇ ಕಡೆ ತಿರುಗುತ್ತವೆ, ಹೆಣ್ಣಿನ ಮೈ ಮೇಲೆ. ಅಲ್ಲಿ ಹೆಂಗಸು ಕೂತಿದ್ದರೂ ಗಂಡಸಿನ ಕಣ್ಣು ಬಾಡಿಗೆಗೆ ತಗೊಂಡೇ ನೋಡಬೇಕು.

ಇದು ಪುಸ್ತಕದ ಮಾತು ಅನ್ನಿಸಿದರೆ ನಮ್ಮ ಸಿನಿಮಾಗಳ ಎಂಟ್ರಿ ಸೀನ್ ನೋಡಿ. ಹೀರೋ ಎಂಟ್ರಿಯಲ್ಲೂ ಮೊದಲು ಕಾಣುವುದು ಕಾಲು, ಹೀರೋಯಿನ್ ಎಂಟ್ರಿಯಲ್ಲೂ ಕಾಲೇ. ಆದರೆ ಹೀರೋ ಕಾಲು ಬಾಗಿಲು ಒದೆಯುತ್ತದೆ, ಧೂಳು ಎಬ್ಬಿಸುತ್ತದೆ. ಹೀರೋಯಿನ್ ಕಾಲು ಗೆಜ್ಜೆ ಹಾಕಿಕೊಂಡು ನೋಡಿಸಿಕೊಳ್ಳುತ್ತದೆ. ಅಲ್ಲಿಂದ ಕ್ಯಾಮೆರಾ ಸೊಂಟಕ್ಕೆ, ಹೊಕ್ಕುಳಿಗೆ, ಬೆನ್ನಿಗೆ, ಕೂದಲಿಗೆ. ಮುಖ ಬರುವುದು ಕೊನೆಗೆ. ಐಟಂ ಸಾಂಗಿನಲ್ಲಿ ಎಷ್ಟೋ ಶಾಟ್‌ಗಳಲ್ಲಿ ಮುಖವೇ ಇರಲ್ಲ. ಮೈಯನ್ನು ತುಂಡು ತುಂಡು ಮಾಡಿ ತೋರಿಸುತ್ತಾರೆ. ನಮ್ಮ ಹುಡುಗರು ರಸ್ತೆಯಲ್ಲಿ ಹುಡುಗಿಯರಿಗೆ ‘ಪೀಸು’ ಅನ್ನುತ್ತಾರಲ್ಲ, ಆ ಪದ ಯಾರು ಹುಟ್ಟುಹಾಕಿದರೋ, ಅರ್ಥ ಮಾತ್ರ ಕರೆಕ್ಟಾಗಿದೆ. ಪೀಸಿಗೆ ನೋವಾಗಲ್ಲ, ಪೀಸು ಬೇಡ ಅನ್ನಲ್ಲ.

ಎಣಿಕೆಯೂ ಅದನ್ನೇ ಹೇಳುತ್ತದೆ. ಅಮೆರಿಕದ ಜೀನಾ ಡೇವಿಸ್ ಸಂಸ್ಥೆ 2014ರಲ್ಲಿ 11 ದೇಶಗಳ ಜನಪ್ರಿಯ ಸಿನಿಮಾಗಳ ಪಾತ್ರಗಳನ್ನು ಎಣಿಸಿತು. ಭಾರತದ್ದರಲ್ಲಿ ಹೆಣ್ಣು ಪಾತ್ರಗಳು ಸುಮಾರು ನಾಲ್ಕರಲ್ಲಿ ಒಂದು.

ಈಗ ಅತ್ಯಾಚಾರದ ದೃಶ್ಯಕ್ಕೇ ಬರೋಣ. 1970ರಿಂದ 90ರ ದಶಕದವರೆಗಿನ ಸಿನಿಮಾ ನೋಡಿ ಬೆಳೆದವರಿಗೆ ಇದು ಬಾಯಿಪಾಠ. ಹೀರೋಗೆ ಒಬ್ಬ ತಂಗಿ ಇರುತ್ತಾಳೆ. ಮೊದಲ ಅರ್ಧ ಗಂಟೆಯಲ್ಲಿ ಅವಳು ಜಾಸ್ತಿ ನಗುತ್ತಿದ್ದರೆ ನಮಗೆ ಆಗಲೇ ಗೊತ್ತಾಗುತ್ತಿತ್ತು, ಇವಳ ಕಥೆ ಮುಗೀತು ಅಂತ. ಮಳೆ, ಗುಡುಗು, ಪಾಳುಮನೆ, ವಿಲನ್ ನಗು. ಒಡೆದ ಬಳೆ, ಚೆಲ್ಲಿದ ಕುಂಕುಮ, ಆರಿದ ದೀಪ. ಕ್ಯಾಮೆರಾ ನಿಲ್ಲುತ್ತಿದ್ದುದು ವಿಲನ್ ಹೆಗಲ ಹಿಂದೆ. ಅವಳಿಗೆ ಏನು ಕಾಣುತ್ತಿದೆ ಅಂತ ಅಲ್ಲ, ಅವನಿಗೆ ಏನು ಕಾಣುತ್ತಿದೆ ಅಂತ ನಾವು ನೋಡುತ್ತಿದ್ದೆವು. ಮಾರನೇ ದಿನ ತಂಗಿ ಬಾವಿಗೆ. ಅಣ್ಣನ ಕೈಗೆ ಮಚ್ಚು.

ಈ ದೃಶ್ಯ ಖಂಡಿಸುತ್ತಿದ್ದುದು ಅತ್ಯಾಚಾರವನ್ನೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಖಂಡಿಸುತ್ತಲೇ ಒಂದಷ್ಟು ಸುಳ್ಳನ್ನು ನಮ್ಮ ಜೇಬಿಗೆ ಹಾಕಿ ಕಳಿಸುತ್ತಿತ್ತು. ಅತ್ಯಾಚಾರಿ ಅಂದರೆ ಗುರುತಿಲ್ಲದ ರೌಡಿ ಅನ್ನುವುದು ಮೊದಲನೆಯ ಸುಳ್ಳು. 2022ರಲ್ಲಿ ದೇಶದಲ್ಲಿ ದಾಖಲಾದ ಅತ್ಯಾಚಾರ ಪ್ರಕರಣ 31,516. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಲ್ಲಿ ವರ್ಷ ವರ್ಷವೂ ನೂರಕ್ಕೆ 90ಕ್ಕಿಂತ ಜಾಸ್ತಿ ಪ್ರಕರಣಗಳಲ್ಲಿ ಆರೋಪಿ ಪರಿಚಯದವನೇ: ನೆಂಟ, ಪಕ್ಕದ ಮನೆಯವನು, ಸ್ನೇಹಿತ, ಮದುವೆ ಆಗ್ತೀನಿ ಅಂದವನು. ಪಾಳುಮನೆಯ ರೌಡಿಗಾಗಿ ಕಾದು ಕೂತ ಮನೆಯವರಿಗೆ, ಹಬ್ಬಕ್ಕೆ ಬಂದು ಹೋಳಿಗೆ ತಿಂದು ಹೋಗುವ ಮಾವ ಕಾಣಿಸುವುದಿಲ್ಲ. ಮಗು ಹೇಳಿದರೂ ನಂಬಲ್ಲ, “ಛೇ, ಅವರು ಹಂಗಲ್ಲ.”

ನಿಜವಾಗಿ ಇಷ್ಟ ಇಲ್ಲದಿದ್ದರೆ ಕಿರುಚಬೇಕು, ಪರಚಬೇಕು, ಮೈಮೇಲೆ ಗಾಯ ಇರಬೇಕು ಅನ್ನುವುದು ಅದಕ್ಕಿಂತ ಅಪಾಯದ ಪಾಠ. ಭಯಕ್ಕೆ ಮೈ ಕಲ್ಲಾಗಿಬಿಡುವುದು, ಬಾಯಿ ಕಟ್ಟಿಹೋಗುವುದು ತೆರೆ ಮೇಲೆ ಚೆನ್ನಾಗಿ ಕಾಣಲ್ಲ, ಹಾಗಾಗಿ ತೋರಿಸಲ್ಲ. 1972ರಲ್ಲಿ ಮಹಾರಾಷ್ಟ್ರದ ಒಂದು ಪೊಲೀಸ್ ಠಾಣೆಯೊಳಗೆ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆಯಿತು ಅಂತ ಇಬ್ಬರು ಪೇದೆಗಳ ಮೇಲೆ ಕೇಸಾಯಿತು. ಹೈಕೋರ್ಟ್ ಶಿಕ್ಷೆ ಕೊಟ್ಟಿತು. 1978ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಬಿಟ್ಟಿತು. ಅವಳ ಮೈಮೇಲೆ ಗಾಯ ಇರಲಿಲ್ಲ, ಪ್ರತಿಭಟಿಸಿದ ಗುರುತಿಲ್ಲ ಅನ್ನುವುದು ಕಾರಣಗಳಲ್ಲಿ ಮುಖ್ಯವಾದದ್ದು. ಠಾಣೆಯೊಳಗೆ ಪೊಲೀಸರ ಮುಂದೆ ಒಬ್ಬ ಬಡ ಹುಡುಗಿ ಹೇಗೆ ಪ್ರತಿಭಟಿಸಬೇಕಿತ್ತು? ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಸೇರಿ ನಾಲ್ವರು ಕಾನೂನು ಅಧ್ಯಾಪಕರು 1979ರಲ್ಲಿ ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದು ಇದನ್ನೇ ಕೇಳಿದರು. ದೇಶದ ಹೆಂಗಸರು ಬೀದಿಗಿಳಿದರು, 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಬರೀ ಮೈಯಲ್ಲಿ ಪ್ರತಿರೋಧಿಸಲಿಲ್ಲ ಅನ್ನುವ ಕಾರಣಕ್ಕೆ ಒಪ್ಪಿಗೆ ಇತ್ತು ಅಂತ ತಿಳಿಯಬಾರದು ಅನ್ನುವ ಸಾಲು ಕಾನೂನಿಗೆ ಸೇರಲು 2013ರವರೆಗೆ ಕಾಯಬೇಕಾಯಿತು. ನ್ಯಾಯಮೂರ್ತಿಗಳು ಸಿನಿಮಾ ನೋಡಿ ತೀರ್ಪು ಬರೆದರು ಅಂತ ನಾನು ಹೇಳುತ್ತಿಲ್ಲ. ಕೋರ್ಟಿಗೂ ಸಿನಿಮಾಕ್ಕೂ ನೀರು ಬಂದಿದ್ದು ಒಂದೇ ಬಾವಿಯಿಂದ.

ಇನ್ನು ಬಾವಿಗೆ ಬಿದ್ದ ತಂಗಿ. ನಮ್ಮ ಮಾತನ್ನೇ ಸ್ವಲ್ಪ ನೋಡಿ. ಯಾರದೋ ಸರ ಕಿತ್ತುಕೊಂಡು ಹೋದರೆ ಎಲ್ಲರೂ ಕಳ್ಳನ ಬಗ್ಗೆ ಮಾತಾಡುತ್ತಾರೆ. ಅತ್ಯಾಚಾರ ಆದರೆ ‘ಅವಳು ಮಾನ ಕಳ್ಕೊಂಡ್ಲು’, ‘ಕೆಟ್ಟೋದ್ಲು’. ಮಾಡಿದವನು ವಾಕ್ಯದಿಂದಲೇ ನಾಪತ್ತೆ. ಮಾನಭಂಗ ಅನ್ನುವ ಪದದಲ್ಲಿ ಮುರಿಯುವುದು ಅವಳ ಮಾನ. ಅಂಥ ಕೆಲಸ ಮಾಡಿದವನ ಮಾನ ಮುರಿಯಬೇಕಿತ್ತು ಅಲ್ವಾ? ಮಾನ ಹೋದ ಮೇಲೆ ಅವಳಿಗೆ ಎರಡೇ ದಾರಿ ಉಳಿಯುತ್ತಿತ್ತು, ಬಾವಿ ಅಥವಾ ತಾಳಿ. ಪಂಚಾಯಿತಿ ಕಟ್ಟೆಯ ಮೇಲೆ ಗೌಡರು “ಇವಳನ್ನ ಕೆಡಿಸಿದೋನೇ ತಾಳಿ ಕಟ್ಟಲಿ” ಅನ್ನುತ್ತಿದ್ದರು, ಥಿಯೇಟರಿನಲ್ಲಿ ಚಪ್ಪಾಳೆ.

ಆ ಚಪ್ಪಾಳೆ ನ್ಯಾಯಾಲಯದವರೆಗೂ ಕೇಳಿಸಿದೆ. ಅತ್ಯಾಚಾರದ ಕೇಸುಗಳಲ್ಲಿ ರಾಜಿ ಅನ್ನುವುದು ಯಾವ ಕಾರಣಕ್ಕೂ ಕೂಡದು ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಬೇಕಾಗಿ ಬಂತು. 2020ರಲ್ಲಿ ಮಧ್ಯಪ್ರದೇಶ ಹೈಕೋರ್ಟ್, ಲೈಂಗಿಕ ಕಿರುಕುಳದ ಆರೋಪಿಗೆ ಜಾಮೀನು ಕೊಡುವಾಗ, ದೂರು ಕೊಟ್ಟವಳ ಮನೆಗೆ ಸಿಹಿ ತಗೊಂಡು ಹೋಗಿ ರಾಖಿ ಕಟ್ಟಿಸಿಕೊಳ್ಳಬೇಕು ಅಂತ ಷರತ್ತು ಹಾಕಿತ್ತು. ಶುದ್ಧ ತಂಗಿ ಸೆಂಟಿಮೆಂಟ್! ಮರುವರ್ಷ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಮದುವೆ, ರಾಜಿ ಅಂತೆಲ್ಲ ನ್ಯಾಯಾಧೀಶರು ಸಲಹೆ ಕೊಡಬಾರದು ಅಂದಿತು.

ಅಣ್ಣನ ಮಚ್ಚೂ ತೆರೆಯಿಂದ ಹೊರಗೆ ಬಂದಿದೆ. 2019ರ ಡಿಸೆಂಬರ್‌ನಲ್ಲಿ ಹೈದರಾಬಾದಿನ ಅತ್ಯಾಚಾರ-ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತಾಗ ಜನ ಪೊಲೀಸರ ಮೇಲೆ ಹೂ ಚೆಲ್ಲಿದರು. ಗುಂಡು ಹಾರಿಸಿದ್ದು ಬೇಕೆಂತಲೇ, ಕೊಲ್ಲುವ ಉದ್ದೇಶದಿಂದಲೇ ಅಂತ ಸುಪ್ರೀಂ ಕೋರ್ಟ್ ನೇಮಿಸಿದ್ದ ಸಿರ್ಪುರ್ಕರ್ ಆಯೋಗ ಆಮೇಲೆ ಹೇಳಿತು. ಆ ಹೊತ್ತಿಗೆ ಹೂ ಬಾಡಿ, ಜನ ಮರೆತಾಗಿತ್ತು. ಕೊನೆ ರೀಲಿನಲ್ಲಿ ವಿಲನ್ ಸತ್ತರೆ ಸಾಕು, ಕೋರ್ಟು, ಸಾಕ್ಷಿ, ಲ್ಯಾಬ್ ವರದಿ ಯಾರಿಗೂ ಬೇಡ.

ಮೈಸೂರಿನವರಿಗೆ 2021ರ ಆಗಸ್ಟ್ ನೆನಪಿರಬಹುದು. ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಒಬ್ಬ ವಿದ್ಯಾರ್ಥಿನಿಯ ಮೇಲೆ ಗುಂಪು ಅತ್ಯಾಚಾರ ನಡೆಯಿತು. ಊರಿಗೆ ಊರೇ ಬೆಚ್ಚಿತು. ಆದರೆ ಎರಡನೇ ದಿನಕ್ಕೆ ಅಗ್ರಹಾರದ ಹೋಟೆಲಿನಲ್ಲಿ, ಆಟೋದಲ್ಲಿ, ಮನೆಗಳಲ್ಲಿ ಕೇಳಿಸಿದ ಪ್ರಶ್ನೆ ಬೇರೆ: “ಆ ಹೊತ್ನಲ್ಲಿ ಅಲ್ಲಿಗೆ ಯಾಕ್ ಹೋಗಿದ್ರು?” ಅದೇ ವಾರ ಮೈಸೂರು ವಿಶ್ವವಿದ್ಯಾಲಯ, ಸಂಜೆ 6.30ರ ನಂತರ ಮಾನಸಗಂಗೋತ್ರಿಯಲ್ಲಿ ವಿದ್ಯಾರ್ಥಿನಿಯರು ಒಂಟಿಯಾಗಿ ಓಡಾಡಬಾರದು ಅಂತ ಸುತ್ತೋಲೆ ಹೊರಡಿಸಿತು. ಟೀಕೆ ಬಂದ ಮೇಲೆ ಹಿಂದಕ್ಕೆ ತಗೊಂಡಿತು. ತಪ್ಪು ಮಾಡಿದವರು ಗಂಡಸರು, ಮನೆಯೊಳಗೆ ಇರಬೇಕಾದವರು ಹುಡುಗಿಯರು. ಸುತ್ತೋಲೆ ಬರೆದವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಕತ್ತಲಾದ ಮೇಲೆ ಹೊರಗಿರುವ ಹುಡುಗಿಗೆ ಏನಾದರೂ ಆಗಿಯೇ ಆಗುತ್ತದೆ ಅಂತ ಎಷ್ಟು ಸಿನಿಮಾ ನಮಗೆ ಹೇಳಿಕೊಟ್ಟಿಲ್ಲ?

ಇಷ್ಟು ಹೇಳಿದ ಮೇಲೆ, ನನ್ನನ್ನು ಕೇಳಿದರೆ ಅತ್ಯಾಚಾರದ ದೃಶ್ಯಕ್ಕಿಂತ ಕೆಟ್ಟ ಪಾಠ ಕಲಿಸಿದ್ದು ‘ಸೊಕ್ಕು ಮುರಿಯುವ’ ಸಿನಿಮಾ. ಕನ್ನಡದಲ್ಲಿ ಇದಕ್ಕೆ ದೊಡ್ಡ ಪರಂಪರೆಯೇ ಇದೆ. ಪಟ್ಟಣದಲ್ಲಿ ಓದಿ ಬಂದ ಸಾಹುಕಾರನ ಮಗಳು, ಪ್ಯಾಂಟು, ಕೂಲಿಂಗ್ ಗ್ಲಾಸ್, ಬಾಯಲ್ಲಿ ಇಂಗ್ಲಿಷ್. ಎದುರಿಗೆ ಪಂಚೆ ಎತ್ತಿ ಕಟ್ಟಿದ ಹಳ್ಳಿ ಹೈದ. ಇಂಟರ್‌ವಲ್ ಹತ್ತಿರ ಅವನು ಅವಳ ಕೆನ್ನೆಗೆ ಒಂದು ಬಾರಿಸುತ್ತಾನೆ, ಅಥವಾ ಬಲವಂತವಾಗಿ ಮುತ್ತು ಕೊಡುತ್ತಾನೆ. ಮುಂದಿನ ಸೀನಿನಲ್ಲಿ ಅವಳು ಸೀರೆ ಉಟ್ಟು, ಮಲ್ಲಿಗೆ ಮುಡಿದು, ಕಾಫಿ ಲೋಟ ಹಿಡಿದು ಬರುತ್ತಾಳೆ. ಇಲ್ಲಿ ಹೊಡೆಯುವವನು ವಿಲನ್ ಅಲ್ಲ. ಅವನನ್ನು ಖಂಡಿಸುವವರು ಯಾರೂ ಇಲ್ಲ. ನಮ್ಮ ಕಡೆ ಗಂಡಸು ಅಂದರೆ ಹೇಗಿರಬೇಕು ಅನ್ನುವುದರ ಪೋಸ್ಟರೇ ಅವನು.

ಇದನ್ನು ಒಂದು ಸರ್ಕಾರಿ ಲೆಕ್ಕದ ಪಕ್ಕ ಇಟ್ಟು ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ ಸುಮಾರು 44 ಜನ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದರು. ದೇಶದಲ್ಲೇ ಅತಿ ಜಾಸ್ತಿ. ಒಂದಲ್ಲ ಒಂದು ಕಾರಣಕ್ಕೆ ಗಂಡ ಹೆಂಡತಿಗೆ ಹೊಡೆದರೆ ತಪ್ಪಿಲ್ಲ ಅಂದ ಗಂಡಸರು ನೂರಕ್ಕೆ ಸುಮಾರು 82, ಹೆಂಗಸರು ಸುಮಾರು 77. ಹೊಡೆತ ತಿನ್ನುವವರೇ ಸರಿ ಅನ್ನುತ್ತಿದ್ದಾರೆ. ಸಿನಿಮಾದಿಂದಲೇ ಇದಾಯಿತು ಅಂತ ಈ ಅಂಕಿ ಸಾಬೀತು ಮಾಡುವುದಿಲ್ಲ. ಕೆನ್ನೆಗೆ ಬಿದ್ದ ಏಟಿಗೆ ಥಿಯೇಟರಿನಲ್ಲಿ ಶಿಳ್ಳೆ ಹೊಡೆದವರು ಯಾರು ಅನ್ನುವುದನ್ನು ಮಾತ್ರ ಹೇಳುತ್ತದೆ. ಗಂಡ ಹದಿನೆಂಟು ದಾಟಿದ ಹೆಂಡತಿಯ ಮೇಲೆ ಬಲವಂತ ಮಾಡಿದರೆ ಅದನ್ನು ಅತ್ಯಾಚಾರ ಅಂತ ಹೊಸ ಸಂಹಿತೆ ಕೂಡ ಕರೆಯುವುದಿಲ್ಲ. ಕಾಫಿ ಲೋಟದ ಸೀನಿನ ಆಚೆಗೆ ಕಾನೂನೂ ಇಣುಕುವುದಿಲ್ಲ.

ಹಾಗಂತ ಎಲ್ಲವನ್ನೂ ಸಿನಿಮಾದ ತಲೆಗೆ ಕಟ್ಟುವುದರಲ್ಲಿ ಒಂದು ಮೋಸ ಇದೆ. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ ಭಾರತದ ಒಬ್ಬ ಸೆಕ್ಯುರಿಟಿ ಗಾರ್ಡ್ ಇಬ್ಬರು ಹೆಂಗಸರನ್ನು ತಿಂಗಳುಗಟ್ಟಲೆ ಕಾಡಿದ್ದ. 2015ರಲ್ಲಿ ಕೋರ್ಟಿನಲ್ಲಿ ಅವನ ವಕೀಲರು, ಇವನು ಬಾಲಿವುಡ್ ಸಿನಿಮಾ ನೋಡಿ ಬೆಳೆದವನು, ಬಿಡದೆ ಹಿಂದೆ ಬಿದ್ದರೆ ಹೆಣ್ಣು ಒಲಿಯುತ್ತಾಳೆ ಅಂತ ನಂಬಿದ್ದ ಅಂದರು. ಅವನು ಜೈಲಿಗೆ ಹೋಗದೆ ಪಾರಾದ. ಸಿನಿಮಾವನ್ನು ಬೈಯುವಾಗ ಇದು ನೆನಪಿರಲಿ. ಅದೇ ಸಿನಿಮಾ ನೋಡಿ ಬೆಳೆದ ಲಕ್ಷಾಂತರ ಗಂಡಸರು ಯಾರನ್ನೂ ಕಾಡಲಿಲ್ಲ.

ಸೆನ್ಸಾರ್ ಏನು ಮಾಡುತ್ತದೆ ಅಂತ ನೀವು ಕೇಳಬಹುದು. ನಿಯಮ ಇದೆ. ಹೆಂಗಸರನ್ನು ಕೀಳಾಗಿ ತೋರಿಸಬಾರದು, ಅತ್ಯಾಚಾರದ ದೃಶ್ಯ ಕಥೆಗೆ ಬೇಕೇ ಬೇಕು ಅಂದರೆ ಆದಷ್ಟು ಕಮ್ಮಿ ಇರಬೇಕು, ವಿವರ ಇರಬಾರದು ಅಂತ 1991ರ ಮಾರ್ಗಸೂಚಿ ಹೇಳುತ್ತದೆ. ಆದರೆ ಸೆನ್ಸಾರಿನ ಅಳತೆಪಟ್ಟಿ ಚರ್ಮವನ್ನು ಅಳೆಯುತ್ತದೆ, ಒಪ್ಪಿಗೆಯನ್ನಲ್ಲ. ಫೂಲನ್ ದೇವಿ ಬದುಕಿನ ಮೇಲಿನ ಸಿನಿಮಾದ ಬೆತ್ತಲೆ ದೃಶ್ಯದ ಬಗ್ಗೆ ಜಗಳ ಸುಪ್ರೀಂ ಕೋರ್ಟಿಗೆ ಹೋದಾಗ, ಆ ದೃಶ್ಯ ಕಾಮ ಕೆರಳಿಸಲು ಇಲ್ಲ, ನೋಡುವವರಲ್ಲಿ ಆ ಹೆಣ್ಣಿನ ಬಗ್ಗೆ ಮರುಕ ಹುಟ್ಟಿಸಲು ಇದೆ ಅಂತ ಕೋರ್ಟ್ 1996ರಲ್ಲಿ ಹೇಳಿತು. ತೋರಿಸಿದ್ದು ಏನು ಅನ್ನುವುದಕ್ಕಿಂತ ಯಾರ ಕಡೆ ನಿಂತು ತೋರಿಸಿದರು ಅನ್ನುವುದು ಮುಖ್ಯ. ಬೆತ್ತಲೆ ದೃಶ್ಯಕ್ಕೆ ಕೋರ್ಟು ಕಚೇರಿ. ದಾರಿಗೆ ಅಡ್ಡ ಹಾಕಿ ದುಪಟ್ಟಾ ಎಳೆಯುವ ಹಾಡು ಮನೆಮಂದಿಯೆಲ್ಲ ಕೂತು ನೋಡುವ ಸಿನಿಮಾದಲ್ಲೇ ಇರುತ್ತದೆ. ಹೀರೋ ಸಿಗರೇಟು ಹಚ್ಚಿದರೆ ಮೂಲೆಯಲ್ಲಿ ಎಚ್ಚರಿಕೆ ಬರುತ್ತದೆ. ಸಿಗರೇಟು ಸೇದುತ್ತಾ ಹುಡುಗಿಯ ಹಿಂದೆ ಹೋದರೂ ಎಚ್ಚರಿಕೆ ಸಿಗರೇಟಿಗೆ ಮಾತ್ರ.

ಬೇರೆ ಥರ ಮಾಡಿದರೆ ಜನ ನೋಡಲ್ಲ ಅನ್ನುವುದು ಸಿನಿಮಾದವರ ಕೊನೇ ಬಾಣ. ಇದಕ್ಕೆ ಉತ್ತರ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ತ್ರಿವೇಣಿ ಹುಟ್ಟಿದ್ದು ಮಂಡ್ಯದಲ್ಲಿ, 1928ರಲ್ಲಿ. ಮೈಸೂರಿನಲ್ಲಿ ಮನಃಶಾಸ್ತ್ರ ಓದಿದವರು. ಅವರ ಕಾದಂಬರಿಯನ್ನು, ಪಿರಿಯಾಪಟ್ಟಣ ತಾಲೂಕಿನ ಕಣಗಾಲ್ ಊರಿನ ಪುಟ್ಟಣ್ಣ 1967ರಲ್ಲಿ ‘ಬೆಳ್ಳಿಮೋಡ’ ಅಂತ ಸಿನಿಮಾ ಮಾಡಿದರು. ಅದರಲ್ಲಿ ಶ್ರೀಮಂತರ ಒಬ್ಬಳೇ ಮಗಳು ಇಂದಿರಾ. ಅವಳಿಗೊಬ್ಬ ತಮ್ಮ ಹುಟ್ಟಿ ಆಸ್ತಿ ಕೈತಪ್ಪುತ್ತದೆ ಅಂತಾದಾಗ ಮದುವೆಯಾಗಬೇಕಿದ್ದವನು ಬಿಟ್ಟು ಹೋಗುತ್ತಾನೆ. ಮುಂದೆ ಅವನಿಗೇ ಪೆಟ್ಟಾದಾಗ ಅವಳು ಆರೈಕೆ ಮಾಡುತ್ತಾಳೆ. ಅವನಿಗೆ ಪಶ್ಚಾತ್ತಾಪವಾಗಿ ಮದುವೆಯಾಗೋಣ ಅನ್ನುತ್ತಾನೆ. ಮಾಮೂಲಿ ಸಿನಿಮಾ ಆಗಿದ್ದರೆ ಇಲ್ಲಿ ಓಲಗ. ಇಂದಿರಾ ಬೇಡ ಅನ್ನುತ್ತಾಳೆ. ಅದು ಬಿಗುಮಾನ ಅಲ್ಲ, ನಾಚಿಕೆ ಅಲ್ಲ. ಬೇಡ ಅಂದರೆ ಬೇಡ. ಸಿನಿಮಾ ಗೆದ್ದಿತು, ಇಂದಿರಾ ಪಾತ್ರ ಮಾಡಿದ ಕಲ್ಪನಾ ಹೆಸರಾದರು. ಪುಟ್ಟಣ್ಣನವರ ಎಲ್ಲ ನಾಯಕಿಯರಿಗೂ ಈ ಅದೃಷ್ಟ ಇರಲಿಲ್ಲ, ಹುಚ್ಚಾಸ್ಪತ್ರೆ ಸೇರಿದವಳೂ ಇದ್ದಾಳೆ, ಅದು ಬೇರೆ ಮಾತು. 1967ರಲ್ಲಿ ಒಪ್ಪಿಗೆಯಾದದ್ದು ಈಗ ಯಾಕೆ ಆಗಲ್ಲ ಅಂತ ಕೇಳಬಹುದಲ್ವಾ?

ಒಂದು ತಿಂಗಳ ಮೇಲೆ ಅದೇ ರೈಲಿನಲ್ಲಿ ಆ ಹುಡುಗರು ಮತ್ತೆ ಸಿಕ್ಕರು. ಈ ಸಲ ನಾನು ನಗಲಿಲ್ಲ, ಕೇಳಿಯೇಬಿಟ್ಟೆ: “ಏನಪ್ಪಾ, ಅವತ್ತು ಬ್ಲಾಕ್ ಮಾಡವ್ಳೆ ಅಂತಿದ್ರಲ್ಲ, ಆ ಹುಡುಗಿ ಏನಾದ್ಲು?”

ಹುಡುಗ ಸ್ವಲ್ಪ ಪೆಚ್ಚಾದ. ನಾನು ಕೇಳಿಸಿಕೊಂಡಿದ್ದೆ ಅಂತ ಅವನಿಗೆ ಗೊತ್ತಿರಲಿಲ್ಲ.

“ಗೊತ್ತಿಲ್ಲ ಮೇಡಂ. ಈಗ ಟ್ರೈನಲ್ಲಿ ಬರಲ್ಲ ಅವ್ಳು. ಬಸ್ಸಲ್ಲಿ ಓಡಾಡ್ತಾಳಂತೆ.”

“ಯಾಕಂತೆ?”

ಅವನು ಗೆಳೆಯರ ಮುಖ ನೋಡಿದ. ನಿಜವಾಗಿಯೂ ಯೋಚನೆ ಮಾಡಿದ ಹಾಗೆ ಕಂಡಿತು.

“ಲೇಡೀಸ್‌ಗೆ ಬಸ್ ಫ್ರೀ ಅಲ್ವಾ ಮೇಡಂ, ಅದುಕ್ಕೇ ಇರ್ಬೇಕು” ಅಂದ.